ಸಾರ್ವಜನಿಕ ಸ್ಥಳದಲ್ಲಿ ಧ್ವನಿಯ ಮೂಲಕ ರಾಜಕೀಯ ಸಂವಾದ: ನಿಮ್ಮ ಅನುಭವ ತಿಳಿಸುವಿರಾ?

ಉದ್ಯಾನಕ್ಕೆ ಬರುವವರನ್ನು ರಾಜಕೀಯ ವಿಚಾರಗಳ ಬಗ್ಗೆ ಮಾತಿಗೆಳೆಯಲು ಧ್ವನಿಯನ್ನು ಬಳಸಬೇಕೆಂದು ನಮ್ಮ ಗುಂಪು ಯೋಚಿಸುತ್ತಿದೆ. ಭಾಷಣವೂ ಘೋಷಣೆಯೂ ಬೇಡವೆಂಬುದಷ್ಟೇ ಸದ್ಯಕ್ಕೆ ನಿಶ್ಚಯವಾಗಿದೆ. ಮಾಡಿ ನೋಡಿದವರು ದಯವಿಟ್ಟು ಸಲಹೆ ನೀಡಿ.

ಮೊದಲ ಉತ್ತರ:
ನಾವು ಎಡವಿದ್ದು ಸದ್ದಿನ ಮಟ್ಟದಲ್ಲಿ. ಬಸ್ ನಿಲ್ದಾಣದಲ್ಲಿಯೂ ಆಸ್ಪತ್ರೆಯ ಸಾಲಿನಲ್ಲಿಯೂ ಧ್ವನಿಮುದ್ರಿಸಿಕೊಂಡ ಸದ್ದುಗಳನ್ನು ದೊಡ್ಡದಾಗಿ ಹಾಕಿದಾಗ, ಜನರು ಅದನ್ನು ಯಾವುದೋ ಪ್ರಚಾರವೆಂದು ತಿಳಿದು ಬದಿಗೆ ಸರಿದು ಹೋದರು. ಮುಂದಿನ ವಾರ ಅಂಗೈಯಗಲದ ಸ್ಪೀಕರೊಂದನ್ನು ಬೆಂಚಿನ ಮೇಲಿಟ್ಟು, ಬಗ್ಗಿದರಷ್ಟೇ ಕೇಳಿಸುವಂತೆ ಸಣ್ಣಗೆ ಮಾಡಿದೆವು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುವುದರಿಂದ, ಕುತೂಹಲವಿದ್ದವರು ಹತ್ತಿರ ಬರಲೇಬೇಕಾಯಿತು. ಟೋಕನ್ ಸಂಖ್ಯೆ ಕೂಗುವ ಧ್ವನಿಯನ್ನು ಕೇಳಿದ ಹಿರಿಯರೊಬ್ಬರು, "ಇದು ಪಿಂಚಣಿ ಕಚೇರಿಯಲ್ಲವೇ?" ಎಂದರು. ಅದು ಆಸ್ಪತ್ರೆಯದಾಗಿತ್ತು, ನಾವು ತಿದ್ದಲಿಲ್ಲ. ಪಕ್ಕದಲ್ಲಿ ಬಗ್ಗಿ ನಿಂತಿದ್ದ ಯುವತಿ ತನಗದು ಪಡಿತರದ ಸಾಲಿನಂತೆ ಕೇಳಿಸಿತೆಂದರು. ಯಾರನ್ನು ಎಷ್ಟು ಹೊತ್ತು ಕಾಯಿಸಬಹುದು, ಅದನ್ನು ನಿರ್ಧರಿಸುವವರು ಯಾರು ಎಂಬ ಮಾತು ಆ ಬೆಂಚಿನ ಬಳಿ ಮುಕ್ಕಾಲು ಗಂಟೆ ನಡೆಯಿತು.

1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭವಾದ ಅಲ್ಟ್ರಾ-ರೆಡ್ ಎಂಬ ಧ್ವನಿಕಲಾ ತಂಡವು ಧ್ವನಿಮುದ್ರಣ ಕೇಳಿಸಿದ ಮೇಲೆ "ನಿಮಗೆ ಏನು ಕೇಳಿಸಿತು?" ಎಂದಷ್ಟೇ ಪ್ರಶ್ನಿಸುತ್ತದೆ. ನಾವೂ ಅದನ್ನೇ ಅನುಸರಿಸುತ್ತೇವೆ. ಅಭಿಪ್ರಾಯ ಕೇಳಿದರೆ ಜನರು ಪಕ್ಷ ಹಿಡಿಯುತ್ತಾರೆ. ಕಿವಿಗೆ ಬಿದ್ದದ್ದೇನೆಂದು ಕೇಳಿದರೆ ತಮ್ಮ ಬದುಕಿನಿಂದ ಏನಾದರೂ ಹೇಳುತ್ತಾರೆ.

ಎರಡನೆಯ ಉತ್ತರ:
ಯಂತ್ರವಿಲ್ಲದೆಯೂ ಸಾಧ್ಯ. 2011ರಲ್ಲಿ ನ್ಯೂಯಾರ್ಕಿನ ಝುಕೋಟಿ ಉದ್ಯಾನದಲ್ಲಿ ಬೀಡುಬಿಟ್ಟಿದ್ದ, ಆರ್ಥಿಕ ಅಸಮಾನತೆಯ ವಿರುದ್ಧದ 'ಆಕ್ಯುಪೈ ವಾಲ್ ಸ್ಟ್ರೀಟ್' ಚಳವಳಿಗಾರರು, ಧ್ವನಿವರ್ಧಕಕ್ಕೆ ಪರವಾನಗಿ ಬೇಕಿದ್ದುದರಿಂದ, ಒಬ್ಬರ ಮಾತನ್ನು ಸುತ್ತಲಿದ್ದವರು ಒಟ್ಟಾಗಿ ಮರುನುಡಿದು ಹಿಂದಿನವರಿಗೆ ದಾಟಿಸುವ ಕ್ರಮವನ್ನು ಬಳಸಿದರು. ಎದುರಾಳಿಯ ವಾಕ್ಯವನ್ನು ನಮ್ಮದೇ ಬಾಯಿಂದ ಹೇಳಬೇಕಾದಾಗ ಅದು ಬೇರೆಯಾಗಿ ಕೇಳಿಸುತ್ತದೆ. ಆದರೆ ನಾಲ್ಕೈದು ಪದಗಳಿಗೊಮ್ಮೆ ನಿಲ್ಲಿಸಬೇಕಾಗುವುದರಿಂದ ಸೂಕ್ಷ್ಮವಾದ ವಾದಗಳು ಮುರಿದುಹೋಗುತ್ತವೆ. ನಮ್ಮ ಸಭೆಯಲ್ಲಿ ಒಬ್ಬರು ಮರುನುಡಿಯಲು ಒಪ್ಪದೆ ಎದ್ದು ಹೋದರು. ಸುಮ್ಮನಿರಲೂ ಅವಕಾಶವಿದೆಯೆಂದು ಮೊದಲೇ ಹೇಳದಿದ್ದುದು ನಮ್ಮ ತಪ್ಪು.

ಮೂರನೆಯ ಉತ್ತರ:
ಧ್ವನಿಗೂ ಮುಖವಿದೆಯೆಂಬುದನ್ನು ಮರೆಯದಿರಿ. ಹೆಸರಿಲ್ಲದೆ ಕೇಳಿಸಿದ ದೂರೊಂದನ್ನು ಮಾತನಾಡಿದವರ ನೆರೆಯವರು ಕೆಮ್ಮಿನಿಂದಲೇ ಗುರುತಿಸಿದರು. ನಾವು ಅದನ್ನು ಕೇಳಿಸುವುದನ್ನು ನಡುವೆಯೇ ನಿಲ್ಲಿಸಿದೆವು. ಈಗ ಪ್ರತಿಯೊಂದು ತುಣುಕನ್ನೂ ಮೊದಲು ಮಾತನಾಡಿದವರಿಗೇ ಕೇಳಿಸಿ, ಎಲ್ಲಿ, ಯಾರೆದುರು ಹಾಕುತ್ತೇವೆಂದು ತಿಳಿಸಿ, ಒಪ್ಪಿಗೆ ಪಡೆಯುತ್ತೇವೆ. ಅರ್ಧದಷ್ಟು ಜನ ಬೇಡವೆನ್ನುತ್ತಾರೆ.