ಪದಚರ್ಚೆ: ‘ಮನೆ ಮಾಲೀಕ’, ‘ಇಂಧನ ದಕ್ಷತೆ’ – ಇವಕ್ಕಿಂತ ಸರಿಯಾದ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಮನೆಗಳು ಇಷ್ಟಕ್ಕಿಂತ ಜಾಸ್ತಿ ವಿದ್ಯುತ್ತು, ಗ್ಯಾಸು ನುಂಗಬಾರದು ಅಂತ ಸರ್ಕಾರಗಳು ನಿಯಮ ಮಾಡುತ್ತವೆ. ಮನೆ ಇರುವವರು ಅದಕ್ಕೆ ತಕರಾರು ತೆಗೆಯುತ್ತಾರೆ. ಈ ಜಗಳದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಕಷ್ಟವಿಲ್ಲ, ಪದಗಳೇ ಕೈಕೊಡುತ್ತಿವೆ.

ಮೊದಲನೆಯದು ‘ಹೋಮ್‌ಓನರ್’. ‘ಮನೆ ಮಾಲೀಕ’ ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ‘ಓನರ್ ಏನಂದ್ರು?’ ಅಂತ ಯಾರಾದರೂ ಕೇಳಿದರೆ ನಮ್ಮ ತಲೆಗೆ ಬರುವುದು ಬಾಡಿಗೆ, ಅಡ್ವಾನ್ಸು, ಗೋಡೆಗೆ ಮೊಳೆ ಹೊಡೀಬೇಡಿ ಅನ್ನುವ ಮಾತು. ಬಾಡಿಗೆದಾರ ಎದುರಿಗೆ ಇಲ್ಲದೆ ಕನ್ನಡದ ಮಾಲೀಕನೇ ಇಲ್ಲ. ನನ್ನ ಬರಹದಲ್ಲಿ ಬರುವವರಲ್ಲಿ ಬಹಳ ಜನ ತಾವು ಕಟ್ಟಿದ ಮನೆಯಲ್ಲಿ ತಾವೇ ಇರುವವರು. ‘ಮಾಲೀಕರ ವಿರೋಧ’ ಅಂತ ಶೀರ್ಷಿಕೆ ಕೊಟ್ಟರೆ, ಬಾಡಿಗೆ ತಿನ್ನುವವರು ಮತ್ತೆ ಶುರು ಮಾಡಿದರು ಅಂತ ಓದುಗರು ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ.

ಇದು ಸುಮ್ನೆ ಕೂದಲು ಸೀಳುವ ಮಾತಲ್ಲ, ಕಾನೂನಿನಲ್ಲೇ ಈ ವ್ಯತ್ಯಾಸ ಇದೆ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಇಂಧನದ ವಿಷಯದಲ್ಲಿ ಮನೆಗೆ ಎ (ಅತಿ ಉತ್ತಮ) ಇಂದ ಜಿ (ಅತಿ ಕಳಪೆ) ವರೆಗೆ ದರ್ಜೆ ಕೊಡುತ್ತಾರೆ. 2018ರ ಏಪ್ರಿಲ್‌ನಿಂದ ಎಫ್ ಅಥವಾ ಜಿ ದರ್ಜೆಯ ಮನೆಯನ್ನು, ಕೆಲವು ವಿನಾಯಿತಿ ಬಿಟ್ಟರೆ, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಫ್ರಾನ್ಸ್‌ನಲ್ಲಿ 2025ರ ಜನವರಿಯಿಂದ ಜಿ ದರ್ಜೆಯ ಮನೆಗಳಿಗೆ ಇದೇ ಗತಿ. 2028ಕ್ಕೆ ಎಫ್, 2034ಕ್ಕೆ ಇ ದರ್ಜೆಯ ಸರದಿ. ಈ ಎರಡೂ ಕಡೆ ತನ್ನ ಮನೆಯಲ್ಲಿ ತಾನೇ ಇರುವವನಿಗೆ ಬಿಸಿ ತಟ್ಟುವುದಿಲ್ಲ. ಆದರೆ ಜರ್ಮನಿಯಲ್ಲಿ 2023ರಲ್ಲಿ ತಿದ್ದಿದ ಕಾನೂನು ಹಾಗಲ್ಲ. ಹೊಸದಾಗಿ ಹಾಕಿಸುವ ಹೀಟಿಂಗ್ ವ್ಯವಸ್ಥೆ ಕನಿಷ್ಠ ಶೇ. 65ರಷ್ಟು ನವೀಕರಿಸಬಹುದಾದ ಮೂಲಗಳಿಂದ ನಡೆಯಬೇಕು ಅನ್ನುವ ಆ ನಿಯಮವನ್ನು ಸ್ವಂತಕ್ಕೆ ಮನೆ ಕಟ್ಟಿಕೊಂಡವರಿಗೂ ಅನ್ವಯಿಸುವಂತೆ ಬರೆದಿದ್ದರು. ಒಂದೇ ಬರಹದಲ್ಲಿ ಇಬ್ಬರೂ ಬಂದಾಗ ಇಬ್ಬರನ್ನೂ ‘ಮಾಲೀಕ’ ಅಂದರೆ ಯಾರ ಗೋಳು ಯಾವುದು ಅಂತಲೇ ತಿಳಿಯುವುದಿಲ್ಲ.

ಸದ್ಯಕ್ಕೆ ‘ಸ್ವಂತ ಮನೆಯವರು’ ಅಂತ ಬರೆದುಕೊಂಡಿದ್ದೇನೆ. ಇದರಲ್ಲೂ ತೊಡಕಿದೆ. ‘ನಮ್ಮ ಮನೆಯವರು’ ಅಂದರೆ ಗಂಡನೋ ಹೆಂಡತಿಯೋ ಆಗಿಬಿಡುತ್ತಾರಲ್ಲ! ‘ಮನೆಯೊಡೆಯ’ ಚೆನ್ನಾಗಿದೆ, ಆದರೆ ಊಳಿಗದವರು ಪಕ್ಕದಲ್ಲೇ ಕೈಕಟ್ಟಿ ನಿಂತ ಹಾಗೆ ಅನಿಸುತ್ತದೆ.

ಎರಡನೆಯದು ಇನ್ನೂ ತಲೆನೋವಿನ ಪದ, ‘ಎನರ್ಜಿ ಎಫಿಶಿಯನ್ಸಿ’. ಕಡಿಮೆ ವಿದ್ಯುತ್ತು, ಗ್ಯಾಸಿನಲ್ಲಿ ಅಷ್ಟೇ ಕೆಲಸ ಸಾಗಿಸುವ ಗುಣ. ‘ಇಂಧನ ದಕ್ಷತೆ’ ಅಂತ ಬಳಕೆಯಲ್ಲಿದೆ. ‘ಇಂಧನ ಬೆಲೆ ಏರಿಕೆ’ ಅಂದರೆ ಪೆಟ್ರೋಲು, ಡೀಸೆಲ್ಲು. ‘ಇಂಧನ ಇಲಾಖೆ’ ಅಂದರೆ ಕರೆಂಟು. ಹೀಗಾಗಿ ‘ಇಂಧನ ದಕ್ಷ ಮನೆ’ ಅಂದರೆ ಮನೆ ಲೀಟರಿಗೆ ಎಷ್ಟು ಮೈಲೇಜು ಕೊಡುತ್ತದೆ ಅಂತ ಯಾರಾದರೂ ಕೇಳಿಯಾರು. ‘ಶಕ್ತಿ’ ಅನ್ನೋಣವೆಂದರೆ ಅದು ದೇವಿಯೂ ಹೌದು, ತೋಳ್ಬಲವೂ ಹೌದು. ಇನ್ನು ‘ದಕ್ಷ’ ಅನ್ನುವುದನ್ನು ನಾವು ಅಧಿಕಾರಿಗಳಿಗೆ ಮೀಸಲಿಟ್ಟುಬಿಟ್ಟಿದ್ದೇವೆ.

ಈ ಪೇಚಿನಿಂದ ತಪ್ಪಿಸಿಕೊಳ್ಳಲು ಹಲವರು ‘ಇಂಧನ ಉಳಿತಾಯ ನಿಯಮ’ ಅಂತ ಬರೆಯುತ್ತಾರೆ. ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ಉಳಿಸುವುದು ಮನುಷ್ಯರ ಕೆಲಸ. ಲೈಟು ಆರಿಸುವುದು, ಗೀಸರ್ ಬೇಗ ಬಂದ್ ಮಾಡುವುದು. ನಿಯಮಗಳು ನೋಡುವುದು ಅದನ್ನಲ್ಲ, ಮನೆಯನ್ನು. ಭಾರತದ್ದೇ ‘ಇಕೋ ನಿವಾಸ್ ಸಂಹಿತಾ’ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ ಈ ಕಟ್ಟಡ ನಿಯಮಾವಳಿಯ ಮೊದಲ ಭಾಗವನ್ನು ಹೊರತಂದಿದ್ದು 2018ರಲ್ಲಿ. 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಕಟ್ಟುವ ವಸತಿ ಕಟ್ಟಡಗಳಿಗಾಗಿ ಬರೆದದ್ದು. ಚಳಿ ಪ್ರದೇಶ ಬಿಟ್ಟು ಉಳಿದ ಕಡೆ, ತಂಪು ಬೇಕಾದ ತಿಂಗಳುಗಳಲ್ಲಿ ಗೋಡೆ ಮತ್ತು ಕಿಟಕಿಗಳ ಮೂಲಕ ಒಳಗೆ ಬರುವ ತಾಪ ಪ್ರತಿ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು ಅನ್ನುತ್ತದೆ. ಚಾವಣಿಗೆ ಬೇರೆ ಮಿತಿ. ಒಳಗಿರುವವರು ಎಷ್ಟು ಮಿತವಾಗಿ ಬದುಕುತ್ತಾರೆ ಅನ್ನುವ ಪ್ರಶ್ನೆಯೇ ಇಲ್ಲ. ಇಂಗ್ಲೆಂಡಿನ ದರ್ಜೆ ಪತ್ರವೂ ಹಾಗೇ. ಒಂದೇ ಮನೆಯಲ್ಲಿ ದುಂದು ಮಾಡುವವರು ಇದ್ದರೂ ಜಿಪುಣರು ಇದ್ದರೂ ದರ್ಜೆ ಒಂದೇ.

‘ಉಳಿತಾಯ’ ಅಂತ ಬರೆದ ಕೂಡಲೇ ಓದುಗರು ಸಹಜವಾಗಿ ಕೇಳುತ್ತಾರೆ: ‘ನಾನು ಮೊದಲಿಂದಲೂ ಉಳಿಸ್ತಾನೇ ಇದೀನಿ, ನನ್ನ ಗೋಡೆ ಯಾಕೆ ಮುಟ್ತೀರಿ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ನಿಯಮಕ್ಕೆ ಕೇಳಿದ ಪ್ರಶ್ನೆಯಲ್ಲ, ಅನುವಾದಕ್ಕೆ ಕೇಳಿದ್ದು. ಹಾಗಾಗಿ ‘ದಕ್ಷತೆ’ ಎಷ್ಟೇ ಒರಟಾಗಿದ್ದರೂ ಸರಿ, ‘ಉಳಿತಾಯ’ ಮಾತ್ರ ಬೇಡ ಅಂತ ನನ್ನ ಮತ. ಯುರೋಪಿನ ಒಕ್ಕೂಟ 2002ರಿಂದಲೂ ಕಟ್ಟಡಗಳ ‘ಪರ್ಫಾರ್ಮೆನ್ಸ್’ ಅನ್ನುತ್ತಾ ಬಂದಿದೆ. ಅದನ್ನು ಹಿಡಿದು ‘ಕಾರ್ಯಕ್ಷಮತೆ’ ಅನ್ನಬಹುದೇ? ಅಥವಾ ಮನೆಗೆ ಇನ್‌ಕ್ರಿಮೆಂಟ್ ಕೊಡುವ ಹಾಗೆ ಕೇಳಿಸುತ್ತದೆಯೇ?

ಹಾಗೇ ‘ಬಿಲ್ಡಿಂಗ್ ಎನ್ವಲಪ್’. ಗೋಡೆ, ಚಾವಣಿ, ಕಿಟಕಿ, ಬಾಗಿಲು ಎಲ್ಲ ಸೇರಿದ್ದು. ಯಂತ್ರಾನುವಾದಕ್ಕೆ ಬಿಟ್ಟರೆ ‘ಕಟ್ಟಡದ ಲಕೋಟೆ’ ಆದೀತು. ‘ಹೊರಮೈ’ ನನಗೆ ಹಿಡಿಸಿದೆ. ಯಾರಿಗಾದರೂ ಆಕ್ಷೇಪ ಇದೆಯೇ?

ಆಕ್ಷೇಪ ಅಂದಾಗ ನೆನಪಾಯಿತು. ‘ಆಕ್ಷೇಪಣೆ’ ಅಂದರೆ ಕರಡು ನಿಯಮದ ಕೆಳಗೆ ‘ಆಕ್ಷೇಪಣೆ ಮತ್ತು ಸಲಹೆಗಳನ್ನು ಸಲ್ಲಿಸಬಹುದು’ ಅಂತ ಇರುತ್ತದಲ್ಲ, ಆ ಕಾಗದದ ವಾಸನೆ. ಜರ್ಮನಿಯಲ್ಲಿ ನಡೆದದ್ದಕ್ಕೆ ಆ ಪದ ಸಾಲದು. ಕಾನೂನಿನ ಅಧಿಕೃತ ಹೆಸರು ‘ಕಟ್ಟಡ ಇಂಧನ ಕಾನೂನು’. ಜನರ ಬಾಯಲ್ಲಿ ಅದು ‘ಹೀಟಿಂಗ್ ಕಾನೂನು’ ಆಯಿತು, ಪತ್ರಿಕೆಯ ತಲೆಬರಹದಲ್ಲಿ ‘ಹೀಟಿಂಗ್ ಸುತ್ತಿಗೆ’ ಆಯಿತು. ನೆಟ್ಟಗೆ ಓಡುತ್ತಿರುವ ಹಳೆ ಬಾಯ್ಲರನ್ನೂ ಕಿತ್ತು ಹಾಕಬೇಕಂತೆ ಅನ್ನುವ ಭಯ ಹಬ್ಬಿತು. ಆ ಶೇ. 65ರ ನಿಯಮ ಹಾಗೆ ಹೇಳಿರಲಿಲ್ಲ, ಕೆಟ್ಟದ್ದನ್ನು ರಿಪೇರಿ ಮಾಡಿಸಲು ಅಡ್ಡಿಯಿರಲಿಲ್ಲ. ಆದರೂ ಆಡುಹೆಸರೇ ಗೆದ್ದಿತು. 2025ರ ಮೈತ್ರಿ ಸರ್ಕಾರದ ಒಪ್ಪಂದದಲ್ಲಿ ರದ್ದು ಮಾಡುತ್ತೇವೆ ಅಂದಿದ್ದು ‘ಹೀಟಿಂಗ್ ಕಾನೂನ’ನ್ನೇ. ಇಂಥ ಕಡೆ ‘ತಕರಾರು’ ಅಥವಾ ‘ಸಿಟ್ಟು’ ಅಂತಲೇ ಬರೆಯುತ್ತೇನೆ.

ಫ್ರೆಂಚರು ತಾಪ ನಿಲ್ಲದ ಮನೆಗೆ ಬಸಿಯುವ ತೂತಿನ ಪಾತ್ರೆಯ ಹೆಸರಿಟ್ಟಿದ್ದಾರೆ. ನಮ್ಮಲ್ಲಿ ‘ಸೋರುವ ಮನೆ’ ಅನ್ನೋಣವೆಂದರೆ ಓದುಗರು ಬಕೆಟ್ ಹುಡುಕಲು ಹೋಗುತ್ತಾರೆ, ಮಳೆನೀರು ಬಿಟ್ಟು ಬೇರೇನೂ ನೆನಪಾಗದು. ‘ಜರಡಿ ಮನೆ’ ನಡೆದೀತೇನೋ. ‘ಇನ್ಸುಲೇಶನ್’ಗೆ ‘ಉಷ್ಣ ನಿರೋಧಕ’ ಇದೆ, ಆದರೆ ‘ನಿರೋಧಕಕ್ಕೆ ವಿರೋಧ’ ಅನ್ನುವ ಸಾಲು ಬರೆದು ನಾನೇ ಅಳಿಸಿದೆ.

ಕೊನೆಯದು ‘ರೆಟ್ರೋಫಿಟ್’. ಇರುವ ಮನೆಯನ್ನು ಕೆಡವದೆ, ಹೊಸ ನಿಯಮಕ್ಕೆ ತಕ್ಕ ಹಾಗೆ ಗೋಡೆಗೆ ಪದರ, ಕಿಟಕಿಗೆ ಜೋಡಿ ಗಾಜು ಹಾಕಿಸುವುದು. ‘ರಿಪೇರಿ’ ಅಂದರೆ ‘ನನ್ನ ಮನೆಗೇನಾಗಿದೆ?’ ಅನ್ನುತ್ತಾರೆ. ‘ನವೀಕರಣ’ ಅಂದರೆ ಟೈಲ್ಸು, ಬಣ್ಣ, ಇಲ್ಲವೇ ಲೈಸೆನ್ಸು. ‘ಜೀರ್ಣೋದ್ಧಾರ’ ದೇವಸ್ಥಾನದ್ದು. ಗಾರೆ ಕೆಲಸದವರು, ಕಂಟ್ರಾಕ್ಟರುಗಳ ಜೊತೆ ಒಡನಾಟ ಇರುವವರು ಅವರ ಬಾಯಲ್ಲಿ ಇದಕ್ಕೆ ಏನಂತಾರೆ ಅಂತ ತಿಳಿಸುತ್ತೀರಾ? ಹೊಸದಾಗಿ ಟಂಕಿಸಿದ್ದು ಬೇಡ, ಆಡುವ ಮಾತೇ ಬೇಕು.