ಶನಿವಾರ ರಾತ್ರಿ ಮಗಳಿಗೆ ಜ್ವರ, ಕ್ಲಿನಿಕ್ ತೆರೆಯುವುದು ಸೋಮವಾರ. ಎಬ್ಬಿಸಿ ಔಷಧಿ ಕೊಡಬೇಕಾ?

ಪ್ರಶ್ನೆ: ನಾಲ್ಕು ವರ್ಷದವಳ ಅಮ್ಮ, ಶನಿವಾರ ರಾತ್ರಿ 11:40

ಮಗಳಿಗೆ ನಾಲ್ಕು ವರ್ಷ. ತೂಕ 15 ಕಿಲೋ ಇರಬಹುದು. ಮಧ್ಯಾಹ್ನದಿಂದ ಜ್ವರ, ಮೂಗು ಸೋರುತ್ತಿದೆ. ಸಂಜೆಯಿಂದ ಎರಡು ಸಲ ನೀರಿನಂತೆ ಭೇದಿ ಆಯಿತು. 6 ಗಂಟೆಗೆ ಪ್ಯಾರಾಸಿಟಮಾಲ್ ಸಿರಪ್ ಕೊಟ್ಟೆ. ಒಂದು ಗಂಟೆಯಲ್ಲಿ ಜ್ವರ ಇಳಿಯಿತು, ಎದ್ದು ಆಡಿದಳು ಕೂಡ. 10:30ಕ್ಕೆ ಮತ್ತೆ 102.

ಅಷ್ಟರಲ್ಲಿ ಹಳೆ ಬಾಟಲಿ ಖಾಲಿ. ಮನೆಯವರು ಹೊಸದು ತಂದರು. ಮೊದಲಿನಂತೆಯೇ 9 ಎಂ.ಎಲ್. ಸಿರಿಂಜಿಗೆ ಎಳೆದುಕೊಂಡೆ. ಬಾಯಿಗೆ ಹಾಕುವ ಮೊದಲು ಸುಮ್ನೆ ಲೇಬಲ್ ನೋಡಿದೆ. ಹಳೆಯದರ ಮೇಲೆ 5 ಎಂ.ಎಲ್.ಗೆ 125 ಮಿ.ಗ್ರಾಂ. ಅಂತ ಇದೆ. ಹೊಸದರ ಮೇಲೆ 250! ಕೈ ನಡುಗಿಬಿಟ್ಟಿತು. ಕೊಡಲಿಲ್ಲ. ಈಗ ಅವಳು ನಿದ್ದೆ ಮಾಡುತ್ತಿದ್ದಾಳೆ. ಎಬ್ಬಿಸಿ ಕೊಡಬೇಕಾ? ಎಷ್ಟು ಕೊಡಲಿ? ಆಸ್ಪತ್ರೆಗೆ ಯಾವಾಗ ಓಡಬೇಕು?

ಉತ್ತರ: ಮಕ್ಕಳ ವಾರ್ಡಿನ ನರ್ಸ್, ರಾತ್ರಿ 11:58

ಹೆದರಬೇಡಿಮ್ಮಾ. ಲೇಬಲ್ ನೋಡಿದಿರಲ್ಲ, ದೊಡ್ಡ ಅಪಾಯ ಅಲ್ಲೇ ತಪ್ಪಿತು. 22 ವರ್ಷ ಮಕ್ಕಳ ವಾರ್ಡಿನಲ್ಲಿದ್ದೇನೆ. ರಾತ್ರಿ ಹೊತ್ತು ಗಾಬರಿಯಿಂದ ಬರುವ ಅಪ್ಪ ಅಮ್ಮಂದಿರಿಗೆ ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಮಗುವಿನ ತೂಕ ಎಷ್ಟು? ಬಾಟಲಿ ಯಾವುದು? ಜಾಸ್ತಿ ಜನ "ಒಂದು ಚಮಚ ಕೊಟ್ಟೆವು" ಅನ್ನುತ್ತಾರೆ. ಯಾವ ಚಮಚ, ಯಾವ ಸಿರಪ್ ಅಂತ ಗೊತ್ತಿಲ್ಲದೆ ಆ ಮಾತಿನಿಂದ ನಮಗೆ ಏನೂ ತಿಳಿಯುವುದಿಲ್ಲ.

ಲೆಕ್ಕ ಸುಲಭ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿ.ಗ್ರಾಂ. ಪ್ಯಾರಾಸಿಟಮಾಲ್. 15 ಕಿಲೋ ಇದ್ದರೆ ಹೆಚ್ಚೆಂದರೆ 225. ನಿಮ್ಮ ಹಳೆ ಬಾಟಲಿಯಲ್ಲಿ ಅದು 9 ಎಂ.ಎಲ್., ಹೊಸದರಲ್ಲಿ ನಾಲ್ಕೂವರೆ. ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್ ಇನ್ನೂ ಗಟ್ಟಿ, ಅದಕ್ಕೆ ಈ ಅಳತೆ ಹಾಕಲೇಬೇಡಿ. ಎರಡು ಸಲದ ನಡುವೆ ಕನಿಷ್ಠ 4 ಗಂಟೆ ಇರಲಿ, 6 ಆದರೆ ಒಳ್ಳೆಯದು. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಮೂಗು ಸೋರುತ್ತಿದೆ ಅಂದಿರಿ, ಅದಕ್ಕೇ ಹೇಳುತ್ತೇನೆ: ನೆಗಡಿಯ ಸಿರಪ್‌ಗಳಲ್ಲೂ ಎಷ್ಟೋ ಸಲ ಪ್ಯಾರಾಸಿಟಮಾಲ್ ಇರುತ್ತದೆ. ಎರಡೂ ಕೊಟ್ಟರೆ ಡೋಸ್ ಎರಡರಷ್ಟಾಗುತ್ತದೆ, ಪೆಟ್ಟು ಬೀಳುವುದು ಲಿವರ್‌ಗೆ.

ನಿದ್ದೆ ಮಾಡುತ್ತಿದ್ದರೆ ಎಬ್ಬಿಸಬೇಡಿ. ಔಷಧಿ ಕೊಡುವುದು ಮಗುವಿನ ಸಂಕಟ ಕಡಿಮೆ ಮಾಡಲು, ಥರ್ಮಾಮೀಟರಿನ ಅಂಕಿ ಇಳಿಸಲು ಅಲ್ಲ. ಜ್ವರ ಮತ್ತೆ ಬಂದರೆ ಔಷಧಿ ಕೆಲಸ ಮಾಡಲಿಲ್ಲ ಅಂತಲೂ ಅಲ್ಲ. ಒಳಗಿನ ಸೋಂಕು ಇನ್ನೂ ಹೋಗಿಲ್ಲ, ಅಷ್ಟೆ. ತಣ್ಣೀರಿನಲ್ಲಿ ಮೈ ಒರೆಸಬೇಡಿ, ನಡುಕ ಬರುತ್ತದೆ. ತೆಳುವಾದ ಬಟ್ಟೆ ಹಾಕಿ ಸಾಕು. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ಭೇದಿ ಇರುವಾಗ ಡಾಕ್ಟರನ್ನು ಕೇಳದೆ ಐಬುಪ್ರೊಫೆನ್ ಕೂಡ ಬೇಡ, ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ತೊಂದರೆ ಮಾಡಬಹುದು.

ಒಂದು ಕಾಗದ ತೆಗೆದುಕೊಳ್ಳಿ. ಜ್ವರ ಎಷ್ಟು, ಔಷಧಿ ಯಾವಾಗ ಎಷ್ಟು, ಭೇದಿ ಎಷ್ಟು ಸಲ, ಉಚ್ಚೆ ಯಾವಾಗ. ಉಚ್ಚೆಯ ಲೆಕ್ಕ ಮರೆಯಬೇಡಿ. 8 ಗಂಟೆ ಉಚ್ಚೆ ಮಾಡದಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ ಸೋಮವಾರಕ್ಕೆ ಕಾಯಬೇಡಿ. ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆಯುವುದು, ಫಿಟ್ಸ್, ಕುತ್ತಿಗೆ ಬಗ್ಗಿಸಲು ಆಗದಿರುವುದು, ಎಬ್ಬಿಸಿದರೂ ಸರಿಯಾಗಿ ಏಳದಿರುವುದು, ಭೇದಿಯಲ್ಲಿ ರಕ್ತ, ಗಾಜಿನ ಲೋಟ ಒತ್ತಿದರೂ ಮಾಯವಾಗದ ಕೆಂಪು ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಆಗಲೇ ಹೊರಡಿ. ಇದನ್ನು ಓದುತ್ತಿರುವ ಬೇರೆಯವರಿಗೂ ಹೇಳುತ್ತೇನೆ: ಮೂರು ತಿಂಗಳೂ ಆಗದ ಕೂಸಿಗೆ 100.4 ಜ್ವರ ಬಂದರೆ ಮನೆಮದ್ದಿನ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಉತ್ತರ: ಇಬ್ಬರು ಮಕ್ಕಳ ಅಪ್ಪ, ರಾತ್ರಿ 12:20

ಸಿಸ್ಟರ್ ಜ್ವರದ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಓ.ಆರ್.ಎಸ್. ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನೇ ತಪ್ಪು ಮಾಡಿದ್ದೆ. ದೊಡ್ಡ ಮಗನಿಗೆ ಭೇದಿಯಾದಾಗ ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದೇ ಲೋಟಕ್ಕೆ ಸುರಿದು ಕೊಟ್ಟೆ. "ಗಟ್ಟಿಯಾಗಿದ್ದರೆ ಬೇಗ ಗುಣ" ಅಂದುಕೊಂಡಿದ್ದೆ. ಉಪ್ಪು ಉಪ್ಪಾಗಿತ್ತು, ಅವನು ಕಕ್ಕಿದ. ಅಷ್ಟು ಉಪ್ಪು ಒಳಗೆ ಹೋಗಿದ್ದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರು. ಆವತ್ತಿನ ರಾತ್ರಿ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೋ ಅಷ್ಟೇ ನೀರು, ಪೂರ್ತಿ ಪುಡಿ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದಲ್ಲಿ ಸಮ ಮಾಡಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 24 ಗಂಟೆಯಾದ ಮೇಲೆ ಚೆಲ್ಲಿ. ನಿಮ್ಮ ಮಗಳ ವಯಸ್ಸಿಗೆ ಪ್ರತಿ ಭೇದಿಯ ನಂತರ 100ರಿಂದ 200 ಎಂ.ಎಲ್. ವಾಂತಿಯಾದರೆ 10 ನಿಮಿಷ ಬಿಟ್ಟು, ಆಮೇಲೆ ಚಮಚ ಚಮಚವಾಗಿ ಕುಡಿಸಿ.

ಸಕ್ಕರೆ ರುಚಿಗೆ ಅಲ್ಲ. ಕರುಳಿನಲ್ಲಿ ಸಕ್ಕರೆಯ ಜೊತೆ ಸೇರಿದಾಗಲೇ ಉಪ್ಪು ಚೆನ್ನಾಗಿ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು. ಹಾಗಂತ ಸಾಫ್ಟ್ ಡ್ರಿಂಕ್ ಕೊಡಬೇಡಿ, ಸಕ್ಕರೆ ಜಾಸ್ತಿಯಾದರೆ ನೀರು ಕರುಳಿಗೆ ಎಳೆದುಕೊಂಡು ಭೇದಿ ಹೆಚ್ಚುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಸಾಲದೆ ಹೋದಾಗ ಡಾ. ದಿಲೀಪ್ ಮಹಲನಾಬಿಸ್ ಇಂಥದ್ದೇ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು ಕುಡಿಸಿದರು. 100ಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಅಲ್ಲಿ ಕುಡಿಸುತ್ತಿದ್ದವರಲ್ಲಿ ರೋಗಿಗಳ ಮನೆಯವರೂ ಇದ್ದರು. ಹಾಗಾಗಿ ನಿಮ್ಮ ಕೈಯಲ್ಲೂ ಆಗುತ್ತದೆ, ಧೈರ್ಯವಾಗಿರಿ.

ಉತ್ತರ: ಹೊಸ ಸದಸ್ಯ, ಭಾನುವಾರ ಬೆಳಿಗ್ಗೆ 7:10

ನಮ್ಮಲ್ಲಿ ಹೋದ ಸಲದ ಆಂಟಿಬಯೋಟಿಕ್ ಅರ್ಧ ಬಾಟಲಿ ಉಳಿದಿದ್ದರೆ ಅದನ್ನೇ ಶುರು ಮಾಡುತ್ತೇವೆ. ಎರಡು ದಿನ ಸುಮ್ನೆ ಕಾಯುವುದಕ್ಕಿಂತ ವಾಸಿ ಅಲ್ವಾ?

ಉತ್ತರ: ಮಕ್ಕಳ ವಾರ್ಡಿನ ನರ್ಸ್, ಭಾನುವಾರ ಬೆಳಿಗ್ಗೆ 7:35

ದಯವಿಟ್ಟು ಬೇಡ. ನೆಗಡಿ, ಮಕ್ಕಳ ನೀರು ಭೇದಿ ಹೆಚ್ಚಾಗಿ ವೈರಸ್‌ನಿಂದ. ಆಂಟಿಬಯೋಟಿಕ್ ವೈರಸ್ಸಿಗೆ ತಾಗುವುದಿಲ್ಲ, ಭೇದಿಯನ್ನೇ ಜಾಸ್ತಿ ಮಾಡಬಹುದು. ಒಮ್ಮೆ ನೀರು ಬೆರೆಸಿದ ಸಿರಪ್ ಒಂದೆರಡು ವಾರಕ್ಕಿಂತ ಹೆಚ್ಚು ಬಾಳುವುದೂ ಇಲ್ಲ. ಆ ಬಾಟಲಿಯನ್ನು ಇವತ್ತೇ ಮನೆಯಿಂದ ಆಚೆ ಹಾಕಿ.

ಪ್ರಶ್ನೆ ಕೇಳಿದವರು, ಸೋಮವಾರ ಮಧ್ಯಾಹ್ನ

ಸಿಸ್ಟರ್, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಬ್ಬಿಸಲಿಲ್ಲ. 2 ಗಂಟೆಗೆ ತಾನೇ ಎದ್ದು ಅತ್ತಳು, ಆಗ ನಾಲ್ಕೂವರೆ ಎಂ.ಎಲ್. ಕೊಟ್ಟೆ. ನಿನ್ನೆ ಐದು ಸಲ ಭೇದಿ, ಪ್ರತಿ ಸಲ ಓ.ಆರ್.ಎಸ್. ಕುಡಿಸಿದೆವು. ಉಚ್ಚೆ ಸರಿಯಾಗಿ ಮಾಡಿದಳು. ಬೆಳಿಗ್ಗೆ ಜ್ವರ 99. ಡಾಕ್ಟರು ಕಾಗದ ಇಸಿದುಕೊಂಡು ಪೂರ್ತಿ ಓದಿ, ಆಮೇಲೆ ಮಗುವನ್ನು ನೋಡಿದರು. 14 ದಿನಕ್ಕೆ ಜಿಂಕ್ ಬರೆದುಕೊಟ್ಟರು, ಓ.ಆರ್.ಎಸ್. ಮುಂದುವರಿಸಿ ಅಂದರು. ಅಲ್ಲಿ ತೂಕ ಹಾಕಿದಾಗ 15 ಅಲ್ಲ, 14.2 ಕಿಲೋ. ಹೊಸ ಬಾಟಲಿಗೆ ಚೀಟಿ ಅಂಟಿಸಿ 14.2 ಕಿಲೋ, 4 ಎಂ.ಎಲ್. ಅಂತ ಬರೆದಿದ್ದೇನೆ.