ಡೋಪಮೈನ್ ರಿಸೆಪ್ಟರ್ ಅಕ್ಕಪಕ್ಕ ಯಾವ ಪ್ರೋಟೀನ್‌ಗಳಿರುತ್ತವೆ?

ಪ್ರಶ್ನೆ: ಮೇಡಂ, ನಾನು ಎಂಎಸ್ಸಿ ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಡೋಪಮೈನ್ ಎಂಬ ನರಸಂದೇಶದ ರಾಸಾಯನಿಕವನ್ನು ಹಿಡಿಯುವ ರಿಸೆಪ್ಟರ್ ಪ್ರೋಟೀನ್‌ಗಳಲ್ಲಿ ಡಿ1 ಕೋಶದೊಳಗೆ ಸೈಕ್ಲಿಕ್ ಎಎಂಪಿ (ಸಂಕೇತ ಸಾಗಿಸುವ ಅಣು) ಏರಿಸುತ್ತದೆ, ಡಿ2 ಇಳಿಸುತ್ತದೆ ಅಂತ ಪಾಠದಲ್ಲಿದೆ. ಆಮೇಲೆ ಕೆಲಸ ಮಾಡುವ ಪ್ರೋಟೀನ್‌ಗಳು ಕೋಶದ ತುಂಬಾ ಹರಡಿಕೊಂಡಿರುತ್ತವಾ, ಇಲ್ಲ ರಿಸೆಪ್ಟರ್ ಹತ್ತಿರವೇ ಇರುತ್ತವಾ?

ಉತ್ತರ (ನರವಿಜ್ಞಾನ ಸಂಶೋಧಕಿ): ಕೆಲವು ಹತ್ತಿರವೇ ಇರುತ್ತವೆ, ಕೆಲವು ಕೋಶದ ತುಂಬಾ ಇರುತ್ತವೆ. ಈ ವ್ಯತ್ಯಾಸದಲ್ಲೇ ವಿಷಯ ಇರೋದು. ಸ್ಟ್ರೈಟಮ್ ನೋಡಿ. ಮಿದುಳಿನಲ್ಲಿ ಡೋಪಮೈನ್ ನರತಂತುಗಳು ತುಂಬಾ ದಟ್ಟವಾಗಿ ಬಂದು ಸೇರುವ ಭಾಗ ಅದು. ಇಲಿಗಳಲ್ಲಿ ಅಲ್ಲಿನ ನ್ಯೂರಾನ್‌ಗಳ ಪೈಕಿ ಸುಮಾರು ಶೇ. 95ರಷ್ಟು ಒಂದೇ ಬಗೆಯವು, ಮೀಡಿಯಂ ಸ್ಪೈನಿ ನ್ಯೂರಾನ್. ಹೆಚ್ಚುಕಮ್ಮಿ ಅರ್ಧದಲ್ಲಿ ಡಿ1 ಜಾಸ್ತಿ, ಉಳಿದವುಗಳಲ್ಲಿ ಡಿ2 ಜಾಸ್ತಿ.

ಡಿ1 ಇರುವ ಒಂದು ಸ್ಪೈನ್ ನೋಡೋಣ. ಸ್ಪೈನ್ ಅಂದರೆ ಡೆಂಡ್ರೈಟ್ (ನ್ಯೂರಾನ್ ಸಂಕೇತ ಪಡೆಯುವ ಕವಲು) ಮೇಲೆ ಮೊಗ್ಗಿನ ಹಾಗೆ ಎದ್ದಿರುವ ಉಬ್ಬು. ತಲೆಯ ಅಗಲ ಸುಮಾರು ಅರ್ಧ ಮೈಕ್ರೋಮೀಟರ್. ಅದರ ತಲೆಯ ಮೇಲೆ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕದಿಂದ ಸಂದೇಶ ಪಡೆಯುವ ಸಿನಾಪ್ಸ್ (ಎರಡು ನ್ಯೂರಾನ್ ಸಂಧಿಸುವ ಜಾಗ) ಇರುತ್ತದೆ. ಡಿ1 ಹೆಚ್ಚಾಗಿ ಕಾಣುವುದು ಆ ಸಿನಾಪ್ಸ್ ಒಳಗಲ್ಲ, ಅದರಿಂದಾಚೆಯ ಪೊರೆಯಲ್ಲಿ. ಪೊರೆಯ ಒಳಮೈಗೆ ಅಂಟಿಕೊಂಡು, ರಿಸೆಪ್ಟರ್ ಸಂಕೇತವನ್ನು ಮುಂದಕ್ಕೆ ದಾಟಿಸುವ ಜಿ ಪ್ರೋಟೀನ್ ಇರುತ್ತದೆ. ಸ್ಟ್ರೈಟಮ್‌ನಲ್ಲಿ ಅದು ಮುಖ್ಯವಾಗಿ ಜಿ-ಓಲ್ಫ್; ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳಲ್ಲೂ ಇರುವುದು ಇದೇ. ಅದು ಚುರುಕುಗೊಳಿಸುವ ಅಡೆನೈಲಿಲ್ ಸೈಕ್ಲೇಸ್ 5 (ಸೈಕ್ಲಿಕ್ ಎಎಂಪಿ ತಯಾರಿಸುವ ಕಿಣ್ವ) ಕೂಡ ಪೊರೆಯಲ್ಲೇ ಇರುತ್ತದೆ.

ಇಲ್ಲಿ ಹುಟ್ಟುವ ಸೈಕ್ಲಿಕ್ ಎಎಂಪಿ ಸಣ್ಣ ಅಣು, ಹರಡಿಕೊಂಡು ಹೋಗುತ್ತದೆ. ಅದನ್ನು ಒಡೆದು ಹದ್ದುಬಸ್ತಿನಲ್ಲಿಡುವುದು ಫಾಸ್ಫೋಡೈಎಸ್ಟರೇಸ್‌ಗಳು. ಸ್ಟ್ರೈಟಮ್‌ನಲ್ಲಿ ಅವುಗಳ ಪೈಕಿ ಪಿಡಿಇ10ಎ ತುಂಬಾ ಇದೆ. ಸೈಕ್ಲಿಕ್ ಎಎಂಪಿಯಿಂದ ಎಚ್ಚರಗೊಂಡು ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಸೇರಿಸುವ ಪಿಕೆಎ ಎಂಬ ಕಿಣ್ವ ಕೂಡ ಸುಮ್ನೆ ತೇಲಾಡುತ್ತಿರುವುದಿಲ್ಲ. ಎಕೆಎಪಿ ಎಂಬ ಪ್ರೋಟೀನ್‌ಗಳು ಅದನ್ನು ಆಯಾ ಜಾಗದಲ್ಲಿ ಹಿಡಿದಿಟ್ಟಿರುತ್ತವೆ.

ನನಗೆ ತುಂಬಾ ಇಷ್ಟವಾದ ಪ್ರೋಟೀನ್ ಡಾರ್ಪ್-32. 2000ರ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಪಾಲ್ ಗ್ರೀನ್‌ಗಾರ್ಡ್ ಅವರ ಪ್ರಯೋಗಾಲಯ ಕಂಡುಹಿಡಿದದ್ದು. ಇದು ಪೊರೆಗೆ ಅಂಟಿಲ್ಲ, ಸೈಟೋಪ್ಲಾಸಂ ತುಂಬಾ ಇದೆ. ಡಿ1 ಕೋಶದಲ್ಲೂ ಇದೆ, ಡಿ2 ಕೋಶದಲ್ಲೂ ಇದೆ. ಪಿಕೆಎ ಇದರ 34ನೇ ಸ್ಥಾನದ ಅಮೈನೋ ಆಮ್ಲ ಥ್ರಿಯೋನಿನ್‌ಗೆ ಫಾಸ್ಫೇಟ್ ಸೇರಿಸಿದರೆ ಇದು ಪಿಪಿ1 ಎಂಬ ಫಾಸ್ಫಟೇಸನ್ನು (ಫಾಸ್ಫೇಟ್ ಕಳಚುವ ಕಿಣ್ವವನ್ನು) ತಡೆಯುತ್ತದೆ. ಅದೇ ಸಿಡಿಕೆ5 ಎಂಬ ಇನ್ನೊಂದು ಕಿಣ್ವ ಬಂದು 75ನೇ ಸ್ಥಾನದ ಥ್ರಿಯೋನಿನ್‌ಗೆ ಸೇರಿಸಿದರೆ ಪಿಕೆಎಯನ್ನೇ ತಡೆಯುತ್ತದೆ! ಸ್ಪೈನೋಫಿಲಿನ್ ಎಂಬ ಇನ್ನೊಂದು ಪ್ರೋಟೀನ್ ಪಿಪಿ1ನ್ನು ಸ್ಪೈನ್ ಒಳಗೆ ಹಿಡಿದಿಟ್ಟಿರುತ್ತದೆ. ಹಾಗಾಗಿ ಡಾರ್ಪ್ ಎಲ್ಲ ಕಡೆ ಇದ್ದರೂ ಅದರ ಪರಿಣಾಮ ಸಿನಾಪ್ಸ್ ಹತ್ತಿರ ಜೋರಾಗಿ ಕಾಣುತ್ತದೆ. ಗ್ಲುಟಮೇಟ್ ರಿಸೆಪ್ಟರ್‌ಗಳ ಮೇಲಿನ ಫಾಸ್ಫೇಟ್ ಬೇಗ ಕಳಚುವುದಿಲ್ಲ.

ಮರುಪ್ರಶ್ನೆ: ಹಾಗಾದರೆ ಡಿ2 ಎಲ್ಲಿದ್ದರೂ ಒಂದೇ ಕೆಲಸ ಮಾಡುತ್ತಾ ಮೇಡಂ?

ಉತ್ತರ: ಇಲ್ಲ. ಮೀಡಿಯಂ ಸ್ಪೈನಿ ನ್ಯೂರಾನ್‌ನಲ್ಲಿ ಅದು ಜಿಐ ಬಗೆಯ ಜಿ ಪ್ರೋಟೀನ್ ಮೂಲಕ ಸೈಕ್ಲೇಸ್ 5ನ್ನು ತಡೆಯುತ್ತದೆ. ಡೋಪಮೈನ್ ತಯಾರಿಸುವ ನ್ಯೂರಾನ್ ಮೇಲೂ ಡಿ2 ಇದೆ. ಅಲ್ಲಿ ಕೋಶಕಾಯದ ಹತ್ತಿರ ಗರ್ಕ್ ಎಂಬ ಪೊಟ್ಯಾಸಿಯಂ ಚಾನೆಲ್ ತೆರೆಸಿ ನ್ಯೂರಾನನ್ನೇ ಶಾಂತ ಮಾಡುತ್ತದೆ. ಆಕ್ಸಾನ್ (ಸಂಕೇತ ಹೊರಗೊಯ್ಯುವ ನರತಂತು) ತುದಿಯಲ್ಲಿ ಡೋಪಮೈನ್ ಬಿಡುಗಡೆಯನ್ನು ತಗ್ಗಿಸುತ್ತದೆ. ರಿಸೆಪ್ಟರ್ ಅದೇ, ನೆರೆಹೊರೆ ಬೇರೆ. ಸ್ಟ್ರೈಟಮ್‌ನಲ್ಲಿ ಆರ್‌ಜಿಎಸ್9-2 ಎಂಬ ಪ್ರೋಟೀನ್ ಪಕ್ಕದಲ್ಲಿದ್ದು ಜಿ ಪ್ರೋಟೀನನ್ನು ಬೇಗ ಆಫ್ ಮಾಡುತ್ತದೆ. ಅದು ಇಲ್ಲದ ಕಡೆ ಸಂಕೇತ ಜಾಸ್ತಿ ಹೊತ್ತು ಉಳಿಯಬಹುದು.

ಇನ್ನೊಬ್ಬ ಸದಸ್ಯರು: ನಾನು ಸ್ಟ್ರೈಟಮ್ ಸ್ಲೈಸ್‌ನಲ್ಲಿ ಆಂಟಿಬಾಡಿ (ಒಂದು ಪ್ರೋಟೀನನ್ನು ಗುರುತಿಸಿ ಅಂಟುವ ಅಣು) ಬಳಸಿ ಡಿ1ಗೆ ಕೆಂಪು, ಪಿಕೆಎಗೆ ಹಸಿರು ಬಣ್ಣ ಹಾಕಿ ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದೆ. ತುಂಬಾ ಕಡೆ ಎರಡೂ ಬೆರೆತು ಹಳದಿ ಬಂತು. ಎರಡೂ ಅಕ್ಕಪಕ್ಕ ಇವೆ ಅಂತ ಬರೆಯಬಹುದಾ?

ಉತ್ತರ: ದಯವಿಟ್ಟು ಬರೆಯಬೇಡಿ. ಕಾನ್‌ಫೋಕಲ್ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸುವುದಿಲ್ಲ. ಸ್ಪೈನ್ ತಲೆಯೇ 500 ನ್ಯಾನೋಮೀಟರ್. ಪ್ರೋಟೀನ್ ಒಂದೊಂದು ಕೆಲವೇ ನ್ಯಾನೋಮೀಟರ್. ನಿಮ್ಮ ಹಳದಿ ಹೇಳುವುದು ಎರಡೂ ಒಂದೇ ಸ್ಪೈನ್‌ನಲ್ಲಿ ಇರಬಹುದು ಅಂತ, ಅಷ್ಟೇ. ಪ್ರಾಕ್ಸಿಮಿಟಿ ಲೈಗೇಶನ್ ಎಂಬ ವಿಧಾನದಲ್ಲಿ ಎರಡು ಪ್ರೋಟೀನ್ ಸುಮಾರು 40 ನ್ಯಾನೋಮೀಟರ್ ಒಳಗಿದ್ದರೆ ಮಾತ್ರ ಚುಕ್ಕೆ ಬರುತ್ತದೆ. ಒಂದು ಹೊಳೆಯುವ ಬಣ್ಣದಿಂದ ಪಕ್ಕದ ಬಣ್ಣಕ್ಕೆ ಶಕ್ತಿ ದಾಟುವುದನ್ನು ನೋಡುವ ಫ್ರೆಟ್ ವಿಧಾನಕ್ಕೆ ಸುಮಾರು 10 ನ್ಯಾನೋಮೀಟರ್ ಒಳಗಿರಬೇಕು. ಯಾವ ಪೊರೆಯಲ್ಲಿ, ಸಿನಾಪ್ಸ್‌ನಿಂದ ಎಷ್ಟು ದೂರ ಅಂತ ಕಣ್ಣಾರೆ ನೋಡಬೇಕಾದರೆ ಇಮ್ಯುನೋಗೋಲ್ಡ್ (ಆಂಟಿಬಾಡಿಗೆ ಕಟ್ಟಿದ ಚಿನ್ನದ ಕಣ) ಹಾಕಿ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಸರಿ. ಅಲ್ಲೂ ಚಿನ್ನದ ಕಣ ಪ್ರೋಟೀನ್ ಮೇಲೆಯೇ ಕೂರುವುದಿಲ್ಲ. ನಡುವೆ ಎರಡು ಆಂಟಿಬಾಡಿ ಇರುವುದರಿಂದ ಸುಮಾರು 20 ನ್ಯಾನೋಮೀಟರ್ ಅತ್ತಿತ್ತ ಆಗಬಹುದು.

ಇದಕ್ಕಿಂತ ಮೊದಲು ಆಂಟಿಬಾಡಿ ಪರೀಕ್ಷಿಸಿ. ಡೋಪಮೈನ್ ರಿಸೆಪ್ಟರ್‌ಗಳಿಗೆ ಮಾರುವ ಆಂಟಿಬಾಡಿಗಳಲ್ಲಿ ಹಲವು ಬೇರೆ ಪ್ರೋಟೀನ್‌ಗೂ ಅಂಟುತ್ತವೆ. ಡಿ1 ನಾಕೌಟ್ (ಡಿ1 ಜೀನ್ ತೆಗೆದ) ಇಲಿಯ ಸ್ಲೈಸ್‌ನಲ್ಲೂ ಕೆಂಪು ಬಂದರೆ ಆ ಆಂಟಿಬಾಡಿ ಬಿಟ್ಟುಬಿಡಿ.

ಅದೇ ಸದಸ್ಯರು: ನಮ್ಮಲ್ಲಿ ನಾಕೌಟ್ ಇಲಿ ಇಲ್ಲ ಮೇಡಂ.

ಉತ್ತರ: ಎಚ್‌ಇಕೆ ಕೋಶಗಳಿಗೆ (ಪ್ರಯೋಗಾಲಯದಲ್ಲಿ ಬೆಳೆಸುವ ಮಾನವ ಕೋಶಗಳಿಗೆ) ಡಿ1 ಜೀನ್ ಹಾಕಿ, ಹಾಕದ ಕೋಶಗಳ ಜೊತೆ ಹೋಲಿಸಿ. ಇನ್ನೊಂದು ತಟ್ಟೆಯಲ್ಲಿ ಡಿ5 ಎಂಬ ಇನ್ನೊಂದು ಡೋಪಮೈನ್ ರಿಸೆಪ್ಟರ್‌ನ ಜೀನ್ ಹಾಕಿ ನೋಡಿ, ಅದು ಡಿ1ಗೆ ತೀರಾ ಹತ್ತಿರದ್ದು. ಜೊತೆಗೆ ಡಿ1ನ ಬೇರೆ ತುಣುಕನ್ನು ಗುರುತಿಸುವ ಎರಡನೇ ಆಂಟಿಬಾಡಿಯಿಂದಲೂ ಅದೇ ಚಿತ್ರ ಬರಬೇಕು. ಇಷ್ಟು ಆದ ಮೇಲೆ ಸ್ಲೈಸ್‌ಗೆ ಬನ್ನಿ, ಫೋಟೋ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.